ತಟ್ಟಿದಾಗ ಸದ್ದು ಸರಿಯಿತ್ತು, ಒಳಗೆ ಪದರ ಬಿಟ್ಟಿತ್ತು. ನಾನು ಎಲ್ಲಿ ತಪ್ಪಿದೆ?

ಹೊಸಕಿವಿ:
ಎಲ್ಲರಿಗೂ ನಮಸ್ಕಾರ. ಕಾಂಪೊಸಿಟ್ (ಎಳೆ ಮತ್ತು ರೆಸಿನ್ ಎಂಬ ಅಂಟು ಸೇರಿಸಿ ಮಾಡಿದ) ಭಾಗಗಳ ತಪಾಸಣೆ ಕೆಲಸಕ್ಕೆ ಸೇರಿ ನನಗೆ ಎಂಟು ತಿಂಗಳಾಯಿತು. ಮೂರು ದಿನದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಇಲ್ಲಿ ಅನುಭವಸ್ಥರು ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಅದು ಕಾರ್ಬನ್ ಫೈಬರ್ ಫಲಕ. 24 ಪದರ, ಒಟ್ಟು ದಪ್ಪ 4.8 ಮಿಮೀ. ನಡುವೆ ಕೋರ್ (ಹಗುರ ತಿರುಳು) ಇಲ್ಲ, ಪದರಗಳನ್ನೇ ಅಂಟಿಸಿದ ಪೂರ್ತಿ ಗಟ್ಟಿ ಲ್ಯಾಮಿನೇಟ್. ಹಿಂಬದಿ ಮುಚ್ಚಿಹೋಗಿದೆ, ಮುಂಬದಿ ಮಾತ್ರ ಕೈಗೆ ಸಿಗುತ್ತದೆ. ಜೋಡಿಸುವಾಗ ಮೇಲಿನಿಂದ ಒಂದು ಸ್ಪ್ಯಾನರ್ ಬಿತ್ತು. ಬೀಳಿಸಿದವರೇ ಬಂದು ಹೇಳಿದರು. ನಾನು ಟಾರ್ಚ್ ಓರೆಯಾಗಿ ಹಿಡಿದು ನೋಡಿದೆ. ಒಂದು ಸಣ್ಣ ತಗ್ಗು, ಆಳ 0.2 ಮಿಮೀ ಕೂಡ ಇರಲಿಲ್ಲ. ಬಿರುಕು ಇರಲಿಲ್ಲ. ಟ್ಯಾಪ್ ಸುತ್ತಿಗೆ ತಗೊಂಡು ಸುತ್ತಲೂ ತಟ್ಟಿದೆ. ಎಲ್ಲ ಕಡೆ ಒಂದೇ ಸದ್ದು. ವರದಿಯಲ್ಲಿ ‘ದೋಷವಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಹತ್ತು ದಿನ ಬಿಟ್ಟು ಆ ತಗ್ಗಿನ ಪಕ್ಕದಲ್ಲೇ ಬೇರೆ ಕೆಲಸಕ್ಕೆ ತೂತು ಕೊರೆದರು. ತೂತಿನ ಒಳಗೋಡೆಯಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಮೇಲಿನಿಂದ ಸುಮಾರು 3.5 ಮಿಮೀ ಕೆಳಗೆ ಎರಡು ಪದರ ಬಿಟ್ಟುಕೊಂಡಿವೆ.

ಭಾಗ ಇನ್ನೂ ಬಳಕೆಗೆ ಹೋಗಿರಲಿಲ್ಲ. ಯಾರಿಗೂ ಏನೂ ಆಗಿಲ್ಲ. ಆದರೆ ಸಹಿ ನನ್ನದು. ಪೆಟ್ಟು ಮೇಲೆ ಬಿದ್ದರೆ ಅಷ್ಟು ಕೆಳಗೆ ಪದರ ಯಾಕೆ ಬಿಡುತ್ತದೆ? ಸದ್ದು ಯಾಕೆ ಬದಲಾಗಲಿಲ್ಲ? ಹಿಂಬದಿ ಸಿಗದಿದ್ದಾಗ ನಾನು ಏನು ಮಾಡಬೇಕಿತ್ತು?

ಹಳೆಕೈ:
ಮೊದಲು ಒಂದು ಮಾತು. ಬೀಳಿಸಿದವರು ತಾವಾಗಿ ಬಂದು ಹೇಳಿದರಲ್ಲ, ಅದನ್ನು ನಿಮ್ಮ ಮೇಲಿನವರಿಗೆ ಒತ್ತಿ ಹೇಳಿ. ಅವರಿಗೆ ಬೈಗುಳ ಸಿಕ್ಕರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಆಮೇಲೆ ಎಂಥ ಯಂತ್ರ ಇದ್ದರೂ ಅದನ್ನು ಎಲ್ಲಿ ಇಡಬೇಕು ಅಂತ ಗೊತ್ತಾಗುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಲೋಹಕ್ಕೆ ಪೆಟ್ಟು ಬಿದ್ದರೆ ಅದು ತಗ್ಗಾಗುತ್ತದೆ. ಪೆಟ್ಟಿನ ಶಕ್ತಿ ಆ ತಗ್ಗಿನಲ್ಲೇ ಖರ್ಚಾಗುತ್ತದೆ, ಗುರುತು ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಫೈಬರ್ ಹಾಗೆ ಮಣಿಯುವುದಿಲ್ಲ. ಒಂದು ಕ್ಷಣ ಬಗ್ಗಿ ವಾಪಸ್ ಬರುತ್ತದೆ. ಬಗ್ಗಿದಾಗ ಕೆಳಗಿನ ಪದರಗಳು ಜಾಸ್ತಿ ಎಳೆಯಲ್ಪಡುತ್ತವೆ, ಅಲ್ಲಿನ ರೆಸಿನ್ ಸೀಳುತ್ತದೆ. ಆ ಸೀಳು ಮುಂದಿನ ಪದರಕ್ಕೆ ಬಂದಾಗ ಅಲ್ಲಿ ಎಳೆಗಳು ಬೇರೆ ದಿಕ್ಕಿಗಿವೆ. ದಾಟಲು ಆಗುವುದಿಲ್ಲ. ಹಾಗಾಗಿ ಎರಡು ಪದರಗಳ ಸಂದಿಯಲ್ಲಿ ಅಡ್ಡಕ್ಕೆ ಹರಡುತ್ತದೆ. ನಿಮ್ಮದರಂಥ ತೆಳು ಫಲಕದಲ್ಲಿ ಹಾನಿ ಮೇಲೆ ಕಿರಿದು, ಕೆಳಗೆ ಹೋದಂತೆ ಅಗಲ. ಪೆಟ್ಟಿನ ಗುರುತು ಬಟಾಣಿಯಷ್ಟಿದ್ದರೂ ಒಳಗಿನ ಹಾನಿ ಅಂಗೈಯಷ್ಟು ಇರಬಹುದು. ತುಂಬಾ ದಪ್ಪ ಫಲಕದಲ್ಲಿ ಕಥೆ ಬೇರೆ. ಅದು ಅಷ್ಟಾಗಿ ಬಗ್ಗುವುದಿಲ್ಲ, ಹಾನಿ ಪೆಟ್ಟು ಬಿದ್ದ ಕಡೆಯಿಂದಲೇ ಶುರುವಾಗುತ್ತದೆ.

ಇದಕ್ಕೆ ನಮ್ಮಲ್ಲಿ ಬಿವಿಐಡಿ ಅಂತಾರೆ. ಬೇರ್ಲಿ ವಿಸಿಬಲ್ ಇಂಪ್ಯಾಕ್ಟ್ ಡ್ಯಾಮೇಜ್. ಕಂಡೂ ಕಾಣದ ಪೆಟ್ಟು. ಮತ್ತೊಂದು ವಿಷಯ ನೆನಪಿಡಿ. ಆ ತಗ್ಗು ದಿನ ಕಳೆದಂತೆ ಇನ್ನೂ ಮೇಲೆ ಬರುತ್ತದೆ. ಇವತ್ತು ಬೆರಳಿಗೆ ಸಿಕ್ಕಿದ್ದು ತಿಂಗಳ ನಂತರ ಸಿಗದೇ ಹೋಗಬಹುದು. ಹಾಗಾಗಿ ಪೆಟ್ಟು ಬಿದ್ದ ದಿನವೇ ಆಳ ಅಳೆದು ಬರೆದಿಡಬೇಕು.

ಪದರ ಬಿಟ್ಟರೆ ಎಳೆತಕ್ಕೆ ಅಷ್ಟು ನಷ್ಟವಿಲ್ಲ. ಒತ್ತಡಕ್ಕೆ ದೊಡ್ಡ ನಷ್ಟ. ಅಂಟಿಸಿದ ಹಾಳೆಗಳ ಕಟ್ಟನ್ನು ನಿಲ್ಲಿಸಿ ಮೇಲಿನಿಂದ ಒತ್ತಿ ನೋಡಿ, ತಡೆಯುತ್ತದೆ. ಅದೇ ಹಾಳೆಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿ ಒತ್ತಿದರೆ ಒಂದೊಂದೇ ಮಡಚಿಕೊಳ್ಳುತ್ತದೆ. ಒಳಗೆ ಆಗುವುದೂ ಅದೇ.

ಇನ್ನು ಸದ್ದು. ತಟ್ಟಿದಾಗ ನಿಮ್ಮ ಕಿವಿ ಕೇಳುವುದು ಆ ಜಾಗದ ಬಿಗುವನ್ನು. ಮೇಲಿನ ಒಂದೆರಡು ಪದರ ಬಿಟ್ಟಿದ್ದರೆ ಅಲ್ಲಿ ತೆಳು ಹಾಳೆ ಅದುರಿ ಒಡಕು ಗಡಿಗೆ ತಟ್ಟಿದ ಹಾಗೆ ಬೊದ್ದು ಸದ್ದು ಬರುತ್ತದೆ. ನಿಮ್ಮ ಫಲಕದಲ್ಲಿ ಬಿರುಕಿನ ಮೇಲೆ 3.5 ಮಿಮೀ ಗಟ್ಟಿ ಕಾರ್ಬನ್ ಕೂತಿದೆ. ಅದೇ ಒಂದು ಬಿಗಿಯಾದ ತಟ್ಟೆ. ಸದ್ದು ಬದಲಾಗಬೇಕಾದ ಕಾರಣವೇ ಇಲ್ಲ. ನಿಮ್ಮ ಕಿವಿ ತಪ್ಪಿಲ್ಲ. ವಿಧಾನ ಆರಿಸಿದ್ದು ತಪ್ಪು.

ಸುಮ್ನೆ ತಟ್ಟುವುದನ್ನು ಹಳಿಯಬೇಡಿ ಅಂತಲೂ ಹೇಳುತ್ತೇನೆ. ತೆಳು ಚರ್ಮದ ಹನಿಕೋಂಬ್ (ಜೇನುಗೂಡಿನಂಥ ಕೋರ್ ಇರುವ) ಫಲಕದಲ್ಲಿ ಚರ್ಮ ಕೋರ್‌ನಿಂದ ಬಿಟ್ಟಿದೆಯಾ ಅಂತ ನೋಡಲು ನಾನು ಈಗಲೂ ಮೊದಲು ಕೈಗೆ ತಗೊಳ್ಳುವುದು ಸುತ್ತಿಗೆಯನ್ನೇ. ಗದ್ದಲದ ಜಾಗದಲ್ಲಾದರೆ ಎಲೆಕ್ಟ್ರಾನಿಕ್ ಸುತ್ತಿಗೆ ಒಳ್ಳೆಯದು. ಸುತ್ತಿಗೆಯ ತಲೆ ಫಲಕಕ್ಕೆ ಎಷ್ಟು ಮೈಕ್ರೋಸೆಕೆಂಡ್ ತಾಗಿಕೊಂಡಿತ್ತು ಅಂತ ಅದು ಅಳೆಯುತ್ತದೆ. ಮೆತ್ತಗಿನ ಜಾಗದಲ್ಲಿ ಜಾಸ್ತಿ ಹೊತ್ತು ತಾಗುತ್ತದೆ. ಕಿವಿಯ ಆಯಾಸ, ಅಕ್ಕಪಕ್ಕದ ಸದ್ದು ಅದಕ್ಕೆ ತಟ್ಟುವುದಿಲ್ಲ.

ಎಂಟನೇ_ಸೆಮ್:
ನಾನು ಇನ್ನೂ ಓದುತ್ತಿದ್ದೇನೆ ಸರ್. ಒಂದು ಎಕ್ಸ್‌ರೇ ತೆಗೆದಿದ್ದರೆ ಮುಗಿಯುತ್ತಿತ್ತು ಅಲ್ವಾ?

ಧ್ವನಿತರಂಗ:
ಇಲ್ಲ. ಎಕ್ಸ್‌ರೇಗೆ ಕಾಣುವುದು ದಾರಿಯಲ್ಲಿ ಎಷ್ಟು ವಸ್ತು ಸಿಕ್ಕಿತು ಅನ್ನುವುದು. ಪದರ ಬಿಟ್ಟಾಗ ಒಂದು ಚೂರು ವಸ್ತುವೂ ಕಡಿಮೆಯಾಗಿಲ್ಲ. ಮೈಗೆ ಸಮಾನಾಂತರವಾಗಿ ಒಂದು ತೆಳು ಸಂದಿ ಬಂದಿದೆ ಅಷ್ಟೇ. ನೇರ ಹೊಡೆದ ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಹನಿಕೋಂಬ್ ಒಳಗೆ ನೀರು ನಿಂತಿದ್ದರೆ, ಕೋರ್ ಜಜ್ಜಿದ್ದರೆ ಎಕ್ಸ್‌ರೇ ಬಹಳ ಚೆನ್ನಾಗಿ ತೋರಿಸುತ್ತದೆ. ಸಿಟಿ ಸ್ಕ್ಯಾನ್ ಮಾಡಿದರೆ ಪದರದ ಬಿರುಕೂ ಕಾಣುತ್ತದೆ, ಆದರೆ ಅದಕ್ಕೆ ಸಣ್ಣ ತುಂಡು ಬೇಕು. ದೊಡ್ಡ ಫಲಕವನ್ನು ಅದರೊಳಗೆ ತಿರುಗಿಸಲು ಆಗುವುದಿಲ್ಲ.

ಹೊಸಕಿವಿ ಅವರೇ, ನಿಮ್ಮ ಫಲಕಕ್ಕೆ ಬೇಕಿದ್ದದ್ದು ಅಲ್ಟ್ರಾಸೌಂಡ್, ಪಲ್ಸ್-ಎಕೋ ವಿಧಾನ. ಒಂದೇ ಬದಿ ಸಿಕ್ಕರೆ ಸಾಕು. ಮೈಗೆ ಒತ್ತಿ ಹಿಡಿದ ಪ್ರೋಬ್ ಕಳಿಸಿದ ಶಬ್ದ ಹಿಂಬದಿ ಮುಟ್ಟಿ ವಾಪಸ್ ಬರುತ್ತದೆ, ಅದೇ ಎಕೋ. ಕಾರ್ಬನ್ ಲ್ಯಾಮಿನೇಟ್‌ನ ದಪ್ಪದ ದಿಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 3,000 ಮೀಟರ್. 4.8 ಮಿಮೀ ಹೋಗಿ ಬರಲು 9.6 ಮಿಮೀ. ಅಂದರೆ 3.2 ಮೈಕ್ರೋಸೆಕೆಂಡ್‌ಗೆ ಹಿಂಬದಿಯ ಎಕೋ ಕಾಣಬೇಕು. ನಡುವೆ ಪದರ ಬಿಟ್ಟಿದ್ದರೆ ಅಲ್ಲಿ ಗಾಳಿಯ ಸಂದಿ ಇರುತ್ತದೆ. ಗಾಳಿಗೆ ಬಡಿದ ಶಬ್ದ ಹೆಚ್ಚುಕಡಿಮೆ ಪೂರ್ತಿ ವಾಪಸ್ ಬರುತ್ತದೆ. ನಿಮ್ಮ 3.5 ಮಿಮೀ ಬಿರುಕಿನ ಎಕೋ 2.3 ಮೈಕ್ರೋಸೆಕೆಂಡ್ ಆಸುಪಾಸಿನಲ್ಲಿ ಏಳುತ್ತದೆ, ಹಿಂಬದಿಯ ಎಕೋ ಮಾಯವಾಗುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕು. ನಡುವಿನ ಎಕೋ ಒಂದನ್ನೇ ನೋಡುವವರು ಮೋಸ ಹೋಗುತ್ತಾರೆ.

5 ಮೆಗಾಹರ್ಟ್ಸ್ ಪ್ರೋಬ್ ಸಾಕು. ಅದರ ಅಲೆಯುದ್ದ ಕಾರ್ಬನ್ ಒಳಗೆ 0.6 ಮಿಮೀ. ಮೇಲ್ಮೈಗೆ ತೀರಾ ಹತ್ತಿರದ ಪದರಗಳು ಆರಂಭದ ಪಲ್ಸ್‌ನಲ್ಲಿ ಮುಚ್ಚಿಹೋಗುತ್ತವೆ. ಅದಕ್ಕೆ ಡಿಲೇ ಲೈನ್ (ಶಬ್ದವನ್ನು ತುಸು ತಡವಾಗಿ ಫಲಕಕ್ಕೆ ತಲುಪಿಸುವ ತುಂಡು) ಇರುವ ಪ್ರೋಬ್ ಹಾಕಿ.

ಆದರೆ ನನಗೆ ಒಂದು ಅನುಮಾನ ಇದೆ. ನಿಮಗೆ ಗೆರೆ ಕಂಡದ್ದು ತೂತಿನ ಗೋಡೆಯಲ್ಲಿ, ಅದೂ ಕೆಳಗಿನ ಪದರಗಳಲ್ಲಿ. ಡ್ರಿಲ್ ಹೊರಬರುವ ಕಡೆ ಕೊನೆಯ ಪದರಗಳನ್ನು ತಳ್ಳಿ ಬಿಡಿಸುವುದು ತೀರಾ ಸಾಮಾನ್ಯ. ಹಿಂದೆ ಆಸರೆಯ ಹಲಗೆ ಇಡದೆ ಕೊರೆದಿದ್ದರೆ ಇನ್ನೂ ಜಾಸ್ತಿ. ಈ ಗೆರೆ ಸ್ಪ್ಯಾನರ್‌ನಿಂದ ಬಂದದ್ದೋ, ಡ್ರಿಲ್‌ನಿಂದ ಬಂದದ್ದೋ? ಅದು ಗೊತ್ತಾಗದೆ ನಿಮ್ಮ ಸಹಿ ತಪ್ಪಾಗಿತ್ತು ಅಂತ ನೀವೇ ತೀರ್ಮಾನ ಮಾಡಬೇಡಿ.

ಹೊಸಕಿವಿ:
ಡ್ರಿಲ್ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಹಿಂಬದಿ ಮುಚ್ಚಿದ್ದರಿಂದ ಆಸರೆ ಇಟ್ಟಿರಲು ಸಾಧ್ಯವಿಲ್ಲ. ನಮ್ಮಲ್ಲಿ ಅಲ್ಟ್ರಾಸೌಂಡ್ ಯಂತ್ರ ಇದೆ. ಆದರೆ ಕ್ಯಾಲಿಬ್ರೇಷನ್‌ಗೆ ಇರುವುದು ಉಕ್ಕಿನ ಬ್ಲಾಕ್ ಮಾತ್ರ. ಅದರಲ್ಲೇ ಸೆಟ್ ಮಾಡಿ ನೋಡಲಾ?

ಧ್ವನಿತರಂಗ:
ದಯವಿಟ್ಟು ಬೇಡ. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. ಆ ಲೆಕ್ಕದಲ್ಲಿ ನಿಮ್ಮ 4.8 ಮಿಮೀ ಫಲಕವನ್ನು ಯಂತ್ರ 9.4 ಮಿಮೀ ಅಂತ ತೋರಿಸುತ್ತದೆ. ವೇಗ ಬದಲಿಸಿಕೊಂಡರೂ ಪೂರ್ತಿ ಸರಿಹೋಗುವುದಿಲ್ಲ. ಉಕ್ಕು ಶಬ್ದವನ್ನು ಅಷ್ಟಾಗಿ ನುಂಗುವುದಿಲ್ಲ, ಕಾರ್ಬನ್-ರೆಸಿನ್ ನುಂಗುತ್ತದೆ. ಗೇನ್ (ಎಕೋವನ್ನು ಯಂತ್ರ ಹಿಗ್ಗಿಸುವ ಮಟ್ಟ) ಎಷ್ಟಿಡಬೇಕು ಅಂತ ಉಕ್ಕಿನಿಂದ ತಿಳಿಯುವುದಿಲ್ಲ.

ಅದೇ ಬಟ್ಟೆ, ಅದೇ ರೆಸಿನ್, ಅದೇ ಪದರ ಜೋಡಣೆಯ ರೆಫರೆನ್ಸ್ ಫಲಕ ಬೇಕು. ಒಳಗೆ ಬೇರೆ ಬೇರೆ ಆಳದಲ್ಲಿ ಗೊತ್ತಿರುವ ಅಳತೆಯ ಟೆಫ್ಲಾನ್ ತುಂಡು ಇಟ್ಟು ಮಾಡಿರುತ್ತಾರೆ, ಅಥವಾ ಹಿಂದಿನಿಂದ ಚಪ್ಪಟೆ ತಳದ ಕುಳಿ ಕೊರೆದಿರುತ್ತಾರೆ. ನಿಮ್ಮ ಭಾಗ ತಯಾರಿಸಿದ ವಿಭಾಗದಲ್ಲಿ ಕೇಳಿ, ಬಹಳ ಸಲ ಅವರ ಕಪಾಟಿನಲ್ಲಿ ಇರುತ್ತದೆ. ಇಲ್ಲದಿದ್ದರೆ ಅದೇ ಫಲಕದ ಚೆನ್ನಾಗಿರುವ ಜಾಗದಲ್ಲಿ, ದಪ್ಪ ಕೈಯಾರೆ ಅಳೆಯಬಹುದಾದ ಅಂಚಿನ ಬಳಿ ವೇಗ ಹೊಂದಿಸಿಕೊಳ್ಳಿ. ಅದು ಆಳ ಹೇಳಲು ಸಾಕು. ಎಷ್ಟು ಸಣ್ಣ ದೋಷದವರೆಗೆ ಹಿಡಿಯಬಲ್ಲೆ ಅಂತ ಹೇಳಲು ಸಾಲದು.

ಶಾಖಚಿತ್ರ:
ಶಬ್ದ ಒಳಗಿಳಿಯಲು ಜೆಲ್ ಹಚ್ಚಿ ಇಂಚಿಂಚು ಪ್ರೋಬ್ ಓಡಿಸುವ ಬದಲು ಫ್ಲಾಶ್ ಥರ್ಮೋಗ್ರಫಿ ನೋಡಬಹುದಲ್ಲ? ಒಂದು ಮಿಂಚು ಹೊಡೆದು ಮೇಲ್ಮೈ ಬಿಸಿ ಮಾಡುತ್ತೇವೆ, ಶಾಖದ ಕ್ಯಾಮೆರಾ ಅದು ತಣ್ಣಗಾಗುವುದನ್ನು ನೋಡುತ್ತದೆ. ಒಳಗೆ ಪದರ ಬಿಟ್ಟ ಕಡೆ ಶಾಖ ಕೆಳಗಿಳಿಯಲಾಗದೆ ಮೇಲೇ ನಿಲ್ಲುತ್ತದೆ, ಆ ಜಾಗ ಹೊಳೆಯುತ್ತದೆ. ಮುಟ್ಟುವುದೇ ಬೇಡ, ಒಂದು ಚಿತ್ರದಲ್ಲಿ ಅಗಲವಾದ ಜಾಗ ಮುಗಿಯುತ್ತದೆ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ನಾಶವಾಯಿತಲ್ಲ, ಅದರ ರೆಕ್ಕೆಯ ಮುಂಚೂಣಿ ಇದ್ದದ್ದು ಕಾರ್ಬನ್-ಕಾರ್ಬನ್ ಕಾಂಪೊಸಿಟ್‌ನಿಂದ. ಉಡಾವಣೆ ಹೊತ್ತಿನಲ್ಲಿ ಫೋಮ್ ತುಂಡು ಬಡಿದಿತ್ತು. ಆ ಫಲಕಗಳ ಒಳಗಿನ ಗಟ್ಟಿತನ ತಿಳಿಯಲು ಮುಂದುವರಿದ ತಪಾಸಣಾ ತಂತ್ರ ಬಳಸಬೇಕು ಅಂತ ತನಿಖಾ ಮಂಡಳಿ ಶಿಫಾರಸು ಮಾಡಿತು. ಆಮೇಲೆ ಆ ಕೆಲಸಕ್ಕೆ ಬಂದ ವಿಧಾನಗಳಲ್ಲಿ ಥರ್ಮೋಗ್ರಫಿಯೂ ಒಂದು.

ಹಳೆಕೈ:
ಥರ್ಮೋಗ್ರಫಿ ನನಗೂ ಇಷ್ಟ. ಆದರೆ 3.5 ಮಿಮೀ ಆಳಕ್ಕೆ ಅದನ್ನೇ ನಂಬಿ ಸಹಿ ಹಾಕಲು ನನ್ನ ಕೈ ಬರುವುದಿಲ್ಲ. ಶಾಖ ಕೆಳಗಿಳಿಯುವ ಸಮಯ ಆಳದ ವರ್ಗದಷ್ಟು ಏರುತ್ತದೆ. 1 ಮಿಮೀಗೆ ಸುಮಾರು 2 ಸೆಕೆಂಡ್ ಅಂದುಕೊಂಡರೆ 2 ಮಿಮೀಗೆ 8, 3 ಮಿಮೀಗೆ 18. ಅಷ್ಟರಲ್ಲಿ ಶಾಖ ಪಕ್ಕಕ್ಕೂ ಹರಡಿ ಚಿತ್ರ ಕಲಸಿಹೋಗುತ್ತದೆ. ದೋಷದ ಅಗಲ ಕನಿಷ್ಠ ಅದರ ಆಳದಷ್ಟಾದರೂ ಇರಬೇಕು ಅನ್ನುವುದು ನಮ್ಮ ಕೈಲೆಕ್ಕ.

ಶಾಖಚಿತ್ರ:
ಒಪ್ಪುತ್ತೇನೆ. ಮೇಲಿನ 2 ಮಿಮೀವರೆಗೆ ನಾನು ಧೈರ್ಯವಾಗಿ ಹೇಳುತ್ತೇನೆ. ಅದಕ್ಕಿಂತ ಕೆಳಗೆ ದೀರ್ಘ ಹೊತ್ತು ಬಿಸಿ ಮಾಡುವ ವಿಧಾನ ಬೇಕು, ಚಿತ್ರ ಓದಲು ಅನುಭವವೂ ಬೇಕು. ಇಲ್ಲಿ ಅಲ್ಟ್ರಾಸೌಂಡೇ ಸರಿ. ಆದರೆ ಜಾಗ ದೊಡ್ಡದಿದ್ದು, ಪೆಟ್ಟು ಎಲ್ಲಿ ಬಿತ್ತು ಅಂತ ಗೊತ್ತೇ ಇಲ್ಲದಿದ್ದಾಗ ಮೊದಲ ಹಂತಕ್ಕೆ ಕ್ಯಾಮೆರಾ ಇರಲಿ.

ಎರಡು_ಚಕ್ರ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಕಾರ್ಬನ್ ಸೈಕಲ್ ಫ್ರೇಮ್ ಬಿದ್ದಿತ್ತು. ನಾಣ್ಯದಿಂದ ತಟ್ಟಿ ನೋಡಿದೆ, ಜಾಗದಿಂದ ಜಾಗಕ್ಕೆ ಸದ್ದು ಬದಲಾಗುತ್ತಿದೆ. ಮುರಿದಿದೆ ಅಂತ ಅರ್ಥವಾ?

ಹಳೆಕೈ:
ಅಷ್ಟರಿಂದ ಹೇಳಲಾಗದು. ಫ್ರೇಮಿನ ಕೊಳವೆಯ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ಕೂಡುವ ಕಡೆ ದಪ್ಪ, ನಡುವೆ ತೆಳು. ಸದ್ದು ತಾನಾಗಿ ಬದಲಾಗುತ್ತದೆ. ಎಡಬಲ ಒಂದೇ ಜಾಗ ಹೋಲಿಸಿ ತಟ್ಟಿ. ವ್ಯತ್ಯಾಸ ಬಂದರೆ ಓಡಿಸಬೇಡಿ. ವ್ಯತ್ಯಾಸ ಬಾರದಿದ್ದರೂ ಕಾರ್ಬನ್ ಫ್ರೇಮ್ ಸ್ಕ್ಯಾನ್ ಮಾಡುವವರಿಗೆ ತೋರಿಸದೆ ವೇಗವಾಗಿ ಇಳಿಜಾರಿಗೆ ಹೋಗಬೇಡಿ.

ಪ್ರಿಪ್ರೆಗ್_ಅಕ್ಕ:
ನಾನು ಪದರ ಹಾಕುವ ಕಡೆಯವಳು. ನೀವೆಲ್ಲ ಪೆಟ್ಟಿನ ಬಗ್ಗೆ ಮಾತಾಡುತ್ತಿದ್ದೀರಿ. ಭಾಗ ಹುಟ್ಟುವಾಗಲೇ ಒಳಗೆ ಕೂತುಬಿಡುವ ದೋಷಗಳ ಬಗ್ಗೆ ಯಾರೂ ಹೇಳಲಿಲ್ಲ.

ಪ್ರಿಪ್ರೆಗ್ (ಮೊದಲೇ ರೆಸಿನ್ ಹೀರಿದ ಎಳೆ) ಹಾಳೆಯ ಮೇಲೆ ಬ್ಯಾಕಿಂಗ್ ಫಿಲ್ಮ್ ಎಂಬ ರಕ್ಷಣೆ ಹಾಳೆ ಇರುತ್ತದೆ. ಅದನ್ನು ಬಿಡಿಸಿ ಪದರ ಹಾಕಬೇಕು. ಒಂದು ಮೂಲೆ ಹರಿದು ಒಳಗೆ ಉಳಿಯಿತು ಅಂದರೆ ಆ ಜಾಗ ಎಂದಿಗೂ ಅಂಟುವುದಿಲ್ಲ. ಹೊರಗಿನಿಂದ ಏನೂ ಕಾಣುವುದಿಲ್ಲ. ಅದಕ್ಕೆ ನಮ್ಮಲ್ಲಿ ಬಿಡಿಸಿದ ಫಿಲ್ಮ್‌ಗಳನ್ನೆಲ್ಲ ಎಣಿಸುತ್ತೇವೆ. 24 ಪದರ ಹಾಕಿದರೆ ಪಕ್ಕದ ಡಬ್ಬಿಯಲ್ಲಿ 24 ಫಿಲ್ಮ್ ಇರಬೇಕು, ಪ್ರತಿಯೊಂದೂ ಪೂರ್ತಿ ಇರಬೇಕು. ಒಂದು ಮೂಲೆ ಕಡಿಮೆ ಇದ್ದರೂ ಒತ್ತಡದ ಒಲೆಯಾದ ಆಟೋಕ್ಲೇವ್‌ಗೆ ಹೋಗುವ ಮೊದಲೇ ಹುಡುಕುತ್ತೇವೆ. ಒಳಗೆ ಬೆಂದ ಮೇಲೆ ಅದು ಧ್ವನಿತರಂಗ ಸರ್ ಅವರ ಪಾಲಿಗೆ ಬರುತ್ತದೆ.

ಇನ್ನೊಂದು ಗಾಳಿಗುಳ್ಳೆ. ಗಾಳಿ ಹೀರಿ ಪದರಗಳನ್ನು ಒತ್ತಿಹಿಡಿಯುವ ವ್ಯಾಕ್ಯೂಮ್ ಬ್ಯಾಗ್ ಎಲ್ಲಾದರೂ ಸೋರಿದರೆ, ಹಾಳೆ ತೇವ ಹಿಡಿದಿದ್ದರೆ, ಒತ್ತಡ ತಡವಾಗಿ ಬಂದರೆ ರೆಸಿನ್ ಒಳಗೆ ಸಾವಿರಾರು ಸಣ್ಣ ಗುಳ್ಳೆ ನಿಲ್ಲುತ್ತವೆ. ನೂರಕ್ಕೆ ಒಂದು ಭಾಗ ಗುಳ್ಳೆಗೆ ಪದರಗಳ ನಡುವಿನ ಜಾರು ಬಲ ನೂರಕ್ಕೆ ಸುಮಾರು 7ರಷ್ಟು ಕಡಿಮೆಯಾಗುತ್ತದೆ ಅನ್ನುವುದು ಹಳೆಯ ಕೈಲೆಕ್ಕ. ಗುಳ್ಳೆಗಳು ಒಂದೊಂದಾಗಿ ಎಕೋ ಕೊಡುವುದಿಲ್ಲ. ಶಬ್ದವನ್ನು ಚದುರಿಸುತ್ತವೆ. ಹಿಂಬದಿಯ ಎಕೋ ಮಾಯವಾಗುವುದಿಲ್ಲ, ಕುಗ್ಗುತ್ತದೆ ಅಷ್ಟೇ. ಅದನ್ನು ನೋಡಿ ‘ಜೆಲ್ ಸರಿ ಹಚ್ಚಿಲ್ಲ’ ಅಂದುಕೊಂಡು ಗೇನ್ ಏರಿಸಿ ಮುಂದೆ ಹೋದವರನ್ನು ನಾನು ನೋಡಿದ್ದೇನೆ. ಹಾಗೆ ಮಾಡಬೇಡಿ ತಮ್ಮಾ. ಎಕೋ ಕುಗ್ಗಿದರೆ ಒರೆಸಿ, ಮತ್ತೆ ಹಚ್ಚಿ, ಮತ್ತೆ ನೋಡಿ. ಆಗಲೂ ಕುಗ್ಗಿದ್ದರೆ ಅದು ಗುಳ್ಳೆಯೇ ಇರಬಹುದು, ಬರೆದುಕೊಳ್ಳಿ.

ಮೂರನೆಯದು ಸುಕ್ಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು ಅದೇ. ಮೂಲೆ ತಿರುಗುವ ಕಡೆ ಪದರಗಳು ಒಳಗೊಳಗೇ ಅಲೆಯಾಗುತ್ತವೆ. ಗಾಳಿ ಸಂದಿ ಇಲ್ಲ, ರೆಸಿನ್ ತುಂಬಿದೆ, ಎಕೋ ಚೆನ್ನಾಗಿಯೇ ಬರುತ್ತದೆ. ಆದರೆ ಎಳೆ ನೇರ ಇಲ್ಲದ ಕಡೆ ಒತ್ತಡ ಬಿದ್ದರೆ ಅಲ್ಲೇ ಮುರಿಯುತ್ತದೆ.

ಎತ್ತರದ_ಹಗ್ಗ:
ಅಕ್ಕಾ, ಸುಕ್ಕಿನ ಮಾತು ನೂರಕ್ಕೆ ನೂರು ಸರಿ. ನಾನು ಗಾಳಿಯಂತ್ರದ ರೆಕ್ಕೆಗಳ ಮೇಲೆ ಹಗ್ಗದಲ್ಲಿ ನೇತಾಡಿ ಕೆಲಸ ಮಾಡುವವನು. ನಮ್ಮಲ್ಲಿ ಗ್ಲಾಸ್ ಫೈಬರ್ ಜಾಸ್ತಿ. ಬುಡದ ಕಡೆ ಹತ್ತಾರು ಮಿಮೀ ದಪ್ಪ. 5 ಮೆಗಾಹರ್ಟ್ಸ್ ಶಬ್ದ ಅಲ್ಲಿ ಅರ್ಧ ದಾರಿಗೇ ಸತ್ತುಹೋಗುತ್ತದೆ. 1 ಮೆಗಾಹರ್ಟ್ಸ್, ಕೆಲವು ಸಲ ಅದಕ್ಕೂ ಕೆಳಗೆ ಇಳಿಯಬೇಕು. ಇಳಿದಷ್ಟೂ ಸಣ್ಣ ದೋಷ ಕೈತಪ್ಪುತ್ತದೆ. ಆಳವೂ ಬೇಕು, ಸೂಕ್ಷ್ಮವೂ ಬೇಕು ಅಂದರೆ ಎರಡೂ ಸಿಗುವುದಿಲ್ಲ.

ಗ್ಲಾಸ್ ಫೈಬರ್‌ಗೆ ಒಂದು ಅನುಕೂಲ ಇದೆ. ಬಣ್ಣ ಹಚ್ಚುವ ಮೊದಲು ಹಿಂದಿನಿಂದ ದೀಪ ಹಿಡಿದರೆ ಬೆಳಕು ದಾಟುತ್ತದೆ. ಗುಳ್ಳೆ, ರೆಸಿನ್ ತಾಗದ ಒಣ ಜಾಗ, ಪದರ ಬಿಟ್ಟದ್ದು ಎಲ್ಲ ಬೇರೆಯಾಗಿ ಎದ್ದು ಕಾಣುತ್ತದೆ. ಕಾರ್ಬನ್‌ಗೆ ಆ ಭಾಗ್ಯ ಇಲ್ಲ. ನಾನು ಮೇಲೆ ಹತ್ತಿ ಹುಡುಕುವ ಎಷ್ಟೋ ದೋಷಗಳು ಕೆಳಗೆ ಕಾರ್ಖಾನೆಯಲ್ಲಿ ಒಂದು ದೀಪಕ್ಕೆ ಸಿಗುತ್ತಿದ್ದವು. ಅದನ್ನು ನೆನೆದರೆ ಬೇಜಾರಾಗುತ್ತದೆ.

ಸುಕ್ಕಿಗೆ ಎಕೋದ ಎತ್ತರ ನೋಡಬೇಡಿ. ಬಿ-ಸ್ಕ್ಯಾನ್ ತೆಗೆಯಿರಿ, ಅಂದರೆ ಫಲಕವನ್ನು ಸೀಳಿ ಪಕ್ಕದಿಂದ ನೋಡಿದಂಥ ಚಿತ್ರ. ಪದರಗಳ ನಡುವಿನ ರೆಸಿನ್ ಸಣ್ಣ ಸಣ್ಣ ಎಕೋ ಕೊಡುತ್ತದೆ. ಅವು ಗೆರೆ ಗೆರೆಯಾಗಿ ನೇರ ಇದ್ದರೆ ಪದರ ನೇರ ಇದೆ. ಗೆರೆಗಳು ಗುಡ್ಡದ ಹಾಗೆ ಎದ್ದು ಇಳಿದರೆ ಅದೇ ಸುಕ್ಕು.

ಅಂಟಿನ_ಕೆಲಸ:
ಇಷ್ಟೆಲ್ಲ ಯಂತ್ರ ಇದ್ದರೂ ಸಿಗದ ಒಂದು ದೋಷ ಇದೆ. ಕಿಸ್ಸಿಂಗ್ ಬಾಂಡ್. ಎರಡು ಭಾಗ ಒಂದಕ್ಕೊಂದು ಒತ್ತಿ ಕೂತಿವೆ, ನಡುವೆ ಗಾಳಿ ಇಲ್ಲ, ಅಂಟೂ ಇದೆ. ಹಿಡಿತ ಮಾತ್ರ ಇಲ್ಲ. ಶಬ್ದ ಸಲೀಸಾಗಿ ದಾಟುತ್ತದೆ, ಚಿತ್ರ ಚೊಕ್ಕವಾಗಿ ಬರುತ್ತದೆ. ಎಳೆದರೆ ಕೈಗೇ ಬರುತ್ತದೆ. ಅಂಟಿನ ಬಲವನ್ನು ಮುರಿಯದೆ ಅಳೆಯುವ ನಂಬಿಕಸ್ಥ ವಿಧಾನ ಇವತ್ತಿಗೂ ಕೈಗೆ ಸಿಕ್ಕಿಲ್ಲ.

ಹಾಗಾಗಿ ನಾವು ತಪಾಸಣೆಯನ್ನು ಅಂಟಿಸುವ ಮೊದಲೇ ಶುರು ಮಾಡುತ್ತೇವೆ. ಮೇಲ್ಮೈ ಮೇಲೆ ಶುದ್ಧ ನೀರು ಬಿಡಿ. ನೀರು ಹಾಳೆಯಂತೆ ಹರಡಿ ನಿಂತರೆ ಸ್ವಚ್ಛ. ಹನಿ ಹನಿಯಾಗಿ ಒಡೆದರೆ ಎಣ್ಣೆಯೋ ಸಿಲಿಕೋನೋ ಇದೆ, ಮತ್ತೆ ಉಜ್ಜಿ. ಆಮೇಲೆ ಪೂರ್ತಿ ಒಣಗಿಸಿಯೇ ಅಂಟು ಹಚ್ಚಬೇಕು. ಭಾಗದ ಜೊತೆಗೇ, ಅದೇ ಅಂಟಿನಿಂದ, ಅದೇ ಹೊತ್ತಿಗೆ ಒಂದು ಸಾಕ್ಷಿ ತುಂಡನ್ನೂ ಅಂಟಿಸುತ್ತೇವೆ. ಆ ತುಂಡನ್ನು ಮುರಿದು ನೋಡುತ್ತೇವೆ. ಅಂಟು ತನ್ನೊಳಗೇ ಹರಿದಿದ್ದರೆ ಒಳ್ಳೆಯದು. ಒಂದು ಬದಿಯಿಂದ ಅಂಟು ಪೂರ್ತಿ ಕಳಚಿ ನುಣ್ಣಗೆ ಬಂದರೆ ಆ ದಿನದ ಕೆಲಸವನ್ನೆಲ್ಲ ತಡೆಹಿಡಿಯುತ್ತೇವೆ.

ಅಂಟು ಬಿಟ್ಟರೆ ಏನಾಗಬಹುದು ಅನ್ನಲು ಒಂದು ಘಟನೆ ಇದೆ. 2005ರ ಮಾರ್ಚ್ 6ರಂದು ಕ್ಯೂಬಾದ ವರಾಡೆರೊದಿಂದ ಹೊರಟ ಏರ್ ಟ್ರಾನ್ಸಾಟ್ 961 ವಿಮಾನದ ರಡ್ಡರ್ (ಬಾಲದ ತಿರುಗುವ ಚುಕ್ಕಾಣಿ) ಹಾರಾಟದಲ್ಲೇ ಬಹುಪಾಲು ಕಳಚಿಹೋಯಿತು. ಅದು ಕಾಂಪೊಸಿಟ್ ಚರ್ಮ, ನಡುವೆ ಹನಿಕೋಂಬ್. ವಿಮಾನ ವಾಪಸ್ ಬಂದು ಸುರಕ್ಷಿತವಾಗಿ ಇಳಿಯಿತು, ಅದು ಪುಣ್ಯ. ಆಗ ಅನುಸರಿಸುತ್ತಿದ್ದ ತಪಾಸಣಾ ಕ್ರಮ ಅಂಥ ರಡ್ಡರ್‌ಗಳ ದೋಷಗಳನ್ನೆಲ್ಲ ಹಿಡಿಯಲು ಸಾಲದು ಅಂತ ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ ತನ್ನ ವರದಿಯಲ್ಲಿ ಹೇಳಿತು. ತಪಾಸಣೆ ಮಾಡಿದವರು ಸೋಮಾರಿಗಳಾಗಿರಲಿಲ್ಲ. ಕೈಗೆ ಕೊಟ್ಟ ವಿಧಾನಕ್ಕೆ ಆ ದೋಷ ಕಾಣುವಂತಿರಲಿಲ್ಲ. ಹೊಸಕಿವಿ ಅವರ ಕಥೆಯೂ ಅದೇ ಅನ್ನಿಸುತ್ತದೆ ನನಗೆ.

ಎಂಟನೇ_ಸೆಮ್:
ಹಾಗಾದರೆ ಸೆನ್ಸರ್‌ಗಳನ್ನು ಅದರ ಮೇಲೇ ಅಂಟಿಸಿ ಬಿಟ್ಟರೆ? ಬಿರುಕು ಬಿಡುವಾಗಿನ ಸದ್ದನ್ನು ಅದೇ ಹಿಡಿಯುತ್ತದೆ ಅಂತ ಓದಿದ್ದೇನೆ.

ಧ್ವನಿತರಂಗ:
ಅಕೌಸ್ಟಿಕ್ ಎಮಿಷನ್. ಒಳ್ಳೆಯ ವಿಧಾನ, ಗ್ಯಾಸ್ ಸಿಲಿಂಡರ್‌ಗಳಿಗೆ ಬಹಳ ಉಪಯೋಗ. ಲೋಹದಲ್ಲಿ ಹಿಂದೆ ಕಂಡ ಭಾರವನ್ನು ದಾಟುವವರೆಗೆ ಹೊಸ ಸದ್ದು ಬರುವುದಿಲ್ಲ. ಹಾನಿಯಾದ ಕಾಂಪೊಸಿಟ್‌ನಲ್ಲಿ ಅದಕ್ಕಿಂತ ಮೊದಲೇ ಸದ್ದು ಶುರುವಾಗುತ್ತದೆ. ಎಷ್ಟು ಮೊದಲು ಶುರುವಾಯಿತು ಅನ್ನುವ ಅನುಪಾತದಿಂದಲೇ ಹಾನಿಯ ಅಂದಾಜು ಮಾಡುತ್ತಾರೆ.

ಆದರೆ ಸೆನ್ಸರ್ ಸದ್ದು ಹಿಡಿದರೆ ಸಾಲದು, ಅದನ್ನು ಓದಿ ಕೆಲಸ ನಿಲ್ಲಿಸುವವರು ಬೇಕು. ಟೈಟನ್ ಜಲಾಂತರ ನೌಕೆಯಲ್ಲಿ ಕಾರ್ಬನ್ ಫೈಬರ್ ಒಡಲಿಗೆ ಸದ್ದಿನ ಸೆನ್ಸರ್, ಸ್ಟ್ರೇನ್ ಗೇಜ್ (ಒಡಲು ಎಷ್ಟು ಹಿಗ್ಗಿ ಕುಗ್ಗಿತು ಅಂತ ಅಳೆಯುವುದು) ಎರಡೂ ಇದ್ದವು. 2022ರ ಜುಲೈಯಲ್ಲಿ ಒಂದು ಮುಳುಗಿನ ಕೊನೆಗೆ ಮೇಲೆ ಬರುವಾಗ ದೊಡ್ಡ ಸದ್ದು ಕೇಳಿತು. ಆಮೇಲಿನ ಮುಳುಗುಗಳಲ್ಲಿ ಸ್ಟ್ರೇನ್ ಅಂಕಿಗಳು ಮೊದಲಿನಂತಿರಲಿಲ್ಲ. ಆದರೂ ನೌಕೆ ಇಳಿಯಿತು. 2023ರ ಜೂನ್ 18ರಂದು ಒಡಲು ಕುಸಿದು ಐದು ಜನ ಹೋದರು. ಒಡಲಿನ ಸಾಮಗ್ರಿಯನ್ನು ಪರೀಕ್ಷಿಸಿದಾಗ ಸುಕ್ಕು, ಗುಳ್ಳೆ, ಟೊಳ್ಳು ಎಲ್ಲ ಕಂಡವು. ಪ್ರಿಪ್ರೆಗ್ ಅಕ್ಕ ಮೇಲೆ ಹೇಳಿದವೇ.

ಎಂಟನೇ_ಸೆಮ್:
ಅರ್ಥವಾಯಿತು ಸರ್. ಇದನ್ನು ಮೊದಲಿಂದ ಮತ್ತೊಮ್ಮೆ ಓದುತ್ತೇನೆ.

ಹೊಸಕಿವಿ:
ಐದು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಉತ್ತರಿಸದೆ ಇದ್ದದ್ದಕ್ಕೆ ಕ್ಷಮಿಸಿ, ಸ್ಕ್ಯಾನ್ ಮುಗಿಸಿಯೇ ಬರೆಯೋಣ ಅಂತ ಕಾದೆ.

ತಯಾರಿಕೆ ವಿಭಾಗದ ಕಪಾಟಿನಲ್ಲಿ ರೆಫರೆನ್ಸ್ ಫಲಕ ನಿಜವಾಗಿಯೂ ಇತ್ತು. 24 ಪದರದ್ದೇ. ಮೂರು ಆಳದಲ್ಲಿ ಟೆಫ್ಲಾನ್ ತುಂಡುಗಳು, ಅತಿ ಸಣ್ಣದು 6 ಮಿಮೀ. ಮೂರನ್ನೂ ನೋಡಿ ಗೇನ್ ಹೊಂದಿಸಿಕೊಂಡೆ. ಆಮೇಲೆ ತಗ್ಗಿನ ಸುತ್ತ 1 ಮಿಮೀ ಹೆಜ್ಜೆಯಲ್ಲಿ ಸಿ-ಸ್ಕ್ಯಾನ್ (ಮೇಲಿನಿಂದ ನೋಡಿದ ನಕ್ಷೆಯಂಥ ಚಿತ್ರ) ತೆಗೆದೆ, ಆಳಕ್ಕೆ ತಕ್ಕ ಬಣ್ಣ ಬರುವ ಹಾಗೆ.

ಹಾನಿಯ ನಡು ಇರುವುದು ತಗ್ಗಿನ ಕೆಳಗೆ. ತೂತಿನ ಸುತ್ತ ಅಲ್ಲ. ತೂತು ಅದರ ಅಂಚನ್ನು ತಾಗಿದೆ ಅಷ್ಟೇ. ಒಂದೇ ಆಳದಲ್ಲೂ ಇಲ್ಲ. 1.6 ಮಿಮೀಯಿಂದ ಶುರುವಾಗಿ 3.6ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಪ್ರತಿ ಆಳದಲ್ಲೂ ಕಡಲೆಕಾಯಿ ಆಕಾರದ ಎರಡು ಹಾಳೆ, ಕೆಳಗೆ ಹೋದಂತೆ ದಿಕ್ಕು ತಿರುಗುತ್ತ ಹೋಗುತ್ತದೆ. ಎಕೋ ಅರ್ಧಕ್ಕೆ ಇಳಿಯುವ ಗಡಿ ಹಿಡಿದು ಅಳೆದಾಗ ಒಟ್ಟು ಹರವು 38 ಮಿಮೀ ಉದ್ದ, 26 ಮಿಮೀ ಅಗಲ. ಮೇಲಿನ ತಗ್ಗು 5 ಮಿಮೀ ಮಾತ್ರ.

ಧ್ವನಿತರಂಗ:
ಹಾಗಾದರೆ ಡ್ರಿಲ್ ಅಲ್ಲ. ನನ್ನ ಅನುಮಾನ ವಾಪಸ್ ತಗೊಳ್ಳುತ್ತೇನೆ. ಡ್ರಿಲ್‌ನಿಂದ ಆಗಿದ್ದರೆ ತೂತಿನ ಸುತ್ತ ಉಂಗುರದಂತೆ, ಕೊನೆಯ ಪದರಗಳಲ್ಲಿ ಮಾತ್ರ ಇರುತ್ತಿತ್ತು. ದಿಕ್ಕು ತಿರುಗುವ ಕಡಲೆಕಾಯಿ ಆಕಾರ ಪೆಟ್ಟಿನ ಗುರುತು. ಪ್ರತಿ ಹಾನಿ ತನ್ನ ಕೆಳಗಿನ ಪದರದ ಎಳೆಯ ದಿಕ್ಕಿಗೆ ಚಾಚಿಕೊಳ್ಳುತ್ತದೆ, ಅದಕ್ಕೇ ತಿರುಗಿದ ಹಾಗೆ ಕಾಣುವುದು. ಒಂದು ಎಚ್ಚರಿಕೆ ಮಾತ್ರ. ಮೇಲಿನ ಬಿರುಕು ಶಬ್ದವನ್ನು ತಡೆಯುವುದರಿಂದ ನೇರ ಅದರ ಕೆಳಗೆ ಇರುವುದು ನಿಮಗೆ ಕಾಣುವುದಿಲ್ಲ. 3.6ರ ಕೆಳಗೆ ಏನೂ ಇಲ್ಲ ಅಂತ ಬರೆಯಬೇಡಿ.

ಪ್ರಿಪ್ರೆಗ್_ಅಕ್ಕ:
ಆ ಸಿ-ಸ್ಕ್ಯಾನ್ ಚಿತ್ರವನ್ನು ನಮ್ಮಂಥ ಪದರ ಹಾಕುವವರಿಗೂ ತೋರಿಸಿ ತಮ್ಮಾ. ಸ್ಪ್ಯಾನರ್ ಹಿಡಿದು ಓಡಾಡುವವರಿಗೂ ತೋರಿಸಿ. 5 ಮಿಮೀ ತಗ್ಗಿನ ಕೆಳಗೆ 38 ಮಿಮೀ ಅಂತ ಕಣ್ಣಾರೆ ಕಂಡರೆ ಮರೆಯುವುದಿಲ್ಲ.

ಹೊಸಕಿವಿ:
ತೋರಿಸುತ್ತೇನೆ ಅಕ್ಕಾ. ಕಳೆದ ಆರು ತಿಂಗಳಲ್ಲಿ ನಾನು ಬರೀ ತಟ್ಟಿ ಸಹಿ ಹಾಕಿದ ಗಟ್ಟಿ ಲ್ಯಾಮಿನೇಟ್‌ಗಳ ಪಟ್ಟಿ ಮಾಡಿ ಮೇಲಿನವರಿಗೆ ಕೊಟ್ಟಿದ್ದೇನೆ. ಒಟ್ಟು ನಾಲ್ಕು. ಎಲ್ಲವನ್ನೂ ಮತ್ತೆ ಸ್ಕ್ಯಾನ್ ಮಾಡಲು ಒಪ್ಪಿದ್ದಾರೆ. ಬೀಳಿಸಿದವರ ಬಗ್ಗೆಯೂ ಹಳೆಕೈ ಸರ್ ಹೇಳಿದ ಹಾಗೆ ಹೇಳಿದೆ. ಅವರಿಗೆ ಯಾರೂ ಏನೂ ಅನ್ನಲಿಲ್ಲ.

ಹಳೆಯ ವರದಿಗೆ ತಿದ್ದುಪಡಿ ಬರೆಯಬೇಕು. ಹೀಗೆ ಬರೆದಿದ್ದೇನೆ, ನೋಡಿ: ‘ಪಲ್ಸ್-ಎಕೋ ಅಲ್ಟ್ರಾಸೌಂಡ್, 5 ಮೆಗಾಹರ್ಟ್ಸ್. 6 ಮಿಮೀ ಟೆಫ್ಲಾನ್ ಇರುವ ರೆಫರೆನ್ಸ್ ಫಲಕದ ಮೇಲೆ ಹೊಂದಿಸಲಾಗಿದೆ. 1.6ರಿಂದ 3.6 ಮಿಮೀ ಆಳದಲ್ಲಿ ಪದರ ಬಿಟ್ಟಿದೆ, ಹರವು 38 × 26 ಮಿಮೀ. ಈ ಹರವಿನ ನೇರ ಕೆಳಗಿನ ಪದರಗಳನ್ನು ನೋಡಲಾಗಿಲ್ಲ. ಉಳಿದ ಜಾಗದಲ್ಲಿ ದೋಷವಿಲ್ಲ.’

ಹಳೆಕೈ:
ಚೆನ್ನಾಗಿದೆ. ಕೊನೆಯ ವಾಕ್ಯ ಮಾತ್ರ ತೆಗೆಯಿರಿ. ‘ಉಳಿದ ಜಾಗದಲ್ಲಿ 6 ಮಿಮೀ ಅಥವಾ ಅದಕ್ಕಿಂತ ದೊಡ್ಡ ದೋಷ ಕಂಡುಬಂದಿಲ್ಲ’ ಅಂತ ಬರೆಯಿರಿ. ಮುಂಬದಿಯಿಂದ ಮಾತ್ರ ನೋಡಿದ್ದು ಅಂತಲೂ ಸೇರಿಸಿ.

ಹೊಸಕಿವಿ:
ಎರಡೂ ಸೇರಿಸಿದೆ ಸರ್. ನಾಳೆ ಬೆಳಿಗ್ಗೆ ಮೊದಲ ಹಳೆಯ ಫಲಕ ಸ್ಕ್ಯಾನ್‌ಗೆ ಬರುತ್ತದೆ.